ಗಡಿಯಾರದಣ್ಣನ ಕೆಂಪು ಅಲಾರಂ

ಆ ರಿಪೇರಿ ಅಂಗಡಿಯ ಗೋಡೆ ತುಂಬ ಗಡಿಯಾರಗಳಿದ್ದರೂ ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ. ಒಂದರಲ್ಲಿ ಹತ್ತು, ಪಕ್ಕದ್ದರಲ್ಲಿ ಮೂರೂವರೆ. ನೆಟ್ಟಗೆ ನಡೆಯುತ್ತಿದ್ದದ್ದು ಮೇಜಿನ ಮೇಲಿನ ಕೆಂಪು ಅಲಾರಂ ಒಂದೇ. ಅದು ಯಾವ ಗಿರಾಕಿಯದ್ದೂ ಅಲ್ಲ, ಅಂಗಡಿ ನಡೆಸುವ ಗಡಿಯಾರದಣ್ಣನ ಮೂತ್ರಚೀಲದ್ದು.

ಹುಟ್ಟುವಾಗಲೇ ಅವನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಡಾಕ್ಟರುಗಳು ಅದನ್ನು ಸ್ಪೈನಾ ಬೈಫಿಡಾ ಎಂದರು. ಊರುಗೋಲಿನಲ್ಲಿ ನಡೆಯುವುದನ್ನು ಅವನು ಬೇಗ ಕಲಿತ. ಆದರೆ ಮೂತ್ರಚೀಲ ತುಂಬಿದ್ದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ನಾಲ್ಕು ಗಂಟೆಗೊಮ್ಮೆ ಕೈ ತೊಳೆದು, ಕ್ಯಾಥೆಟರ್ ಎಂಬ ತೆಳು ನಳಿಕೆ ಹಾಕಿ ಖಾಲಿ ಮಾಡಿಕೊಳ್ಳಬೇಕು. ಇಲ್ಲದಿದ್ದರೆ ಒಳಗಿನ ಒತ್ತಡ ಏರಿ ಕಿಡ್ನಿಗೇ ಸಂಚಕಾರ. ಒಂಬತ್ತನೇ ವಯಸ್ಸಿಗೇ ಅಮ್ಮ ಅದನ್ನು ಅವನ ಕೈಯಲ್ಲೇ ಮಾಡಿಸಿ, "ಇನ್ಮೇಲೆ ಇದು ನಿನ್ ಕೆಲ್ಸ ಕಣೋ, ನಂದಲ್ಲ" ಅಂದಿದ್ದಳು. ಅಂಥ ಅಮ್ಮಂದಿರು ಕಮ್ಮಿ.

ಮೂವತ್ತು ವರ್ಷ ಎಲ್ಲ ಸುಸೂತ್ರವಾಗಿತ್ತು. ಕೆಡಿಸಿದ್ದು ಕಸುಬಿನ ಹಮ್ಮು. ಕೈಗಡಿಯಾರ ಬಿಚ್ಚಿದರೆ ಸಾಸಿವೆಗಿಂತ ಚಿಕ್ಕ ತಿರುಪುಗಳು ತಟ್ಟೆಯಲ್ಲಿ ಸಾಲಾಗಿ ಕೂತಿರುತ್ತವೆ. ನಡುವೆ ಎದ್ದರೆ ಕೈಯ ಲಯ ತಪ್ಪುತ್ತದೆ. ಮೇಲಾಗಿ ಗಿರಾಕಿಯ ಮುಂದೆ ಅಲಾರಂ ಹೊಡೆದುಕೊಂಡರೆ ನಾಚಿಕೆ ಬೇರೆ. ಸರಿ, ಅವನು ನೀರು ಕುಡಿಯುವುದನ್ನೇ ಕಮ್ಮಿ ಮಾಡಿ ನಾಲ್ಕು ಗಂಟೆಯನ್ನು ಏಳಕ್ಕೆ ಎಳೆದ. ಅಲಾರಮ್ಮಿನ ಬಾಯಿಗೆ ಬಟ್ಟೆ ತುರುಕಿದ. ಹೊತ್ತಿಗೆ ಸರಿಯಾಗಿ ಕೀಲಿ ಕೊಡಿ ಎಂದು ಊರಿಗೆಲ್ಲ ಉಪದೇಶ ಮಾಡುವ ಮಹಾನುಭಾವ ಇವನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಚಳಿಜ್ವರ ಬಂದಾಗ ಬಂಡವಾಳ ಬಯಲಾಯಿತು. ಸ್ಕ್ಯಾನಿನಲ್ಲಿ ಬಲಗಡೆಯ ಕಿಡ್ನಿ ಊದಿಕೊಂಡಿತ್ತು. ಡಾಕ್ಟರಮ್ಮ ಸೋಂಕಿಗೆ ಔಷಧಿ ಬರೆದು, ಮೂರು ತಿಂಗಳು ನೀರನ್ನೂ ಹೊತ್ತನ್ನೂ ತಪ್ಪಿಸಬೇಡಿ, ಆಗಲೂ ಊತ ಇಳಿಯದಿದ್ದರೆ ಆಪರೇಷನ್ನೇ ಗತಿ, ಅದರಿಂದಲೂ ಕಿಡ್ನಿ ಉಳಿಯುತ್ತದೆಂಬ ಭರವಸೆಯಿಲ್ಲ ಎಂದರು. ಹೆಂಡತಿ ಅಂಗಡಿಗೆ ಬಂದವಳೇ ಅಲಾರಮ್ಮಿನ ಬಟ್ಟೆ ಕಿತ್ತೆಸೆದಳು. ಆದರೆ ಒಂದು ಮಾತೂ ಬೈಯಲಿಲ್ಲ. ಬಾಯಿಗೆ ಬೀಗವಿಲ್ಲದ ಹೆಂಗಸು ಬೈಯದೆ ಇದ್ದದ್ದು ಅವನಿಗೆ ಸ್ಕ್ಯಾನಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅಂದಿನಿಂದ ಅಲಾರಂ ಹೊಡೆದಾಗೆಲ್ಲ ಅವನು ತಿರುಪುಗಳ ಮೇಲೆ ಗಾಜಿನ ಬಟ್ಟಲು ಕವುಚಿ ಏಳುತ್ತಿದ್ದ. ಎಲ್ಲಿಗೆ ಎಂದು ಕೇಳಿದವರಿಗೆ ಕಿಡ್ನಿ ಕೆಲಸಕ್ಕೆ ಎನ್ನುತ್ತಿದ್ದ. ಗಿರಾಕಿಗಳು ಪೇಪರ್ ಓದುತ್ತ ಕೂತರು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮೂರು ತಿಂಗಳ ಮೇಲೆ ಗಂಡ ಹೆಂಡತಿ ಮತ್ತೆ ಆಸ್ಪತ್ರೆಯಲ್ಲಿ ಕೂತಿದ್ದರು. ಡಾಕ್ಟರಮ್ಮ ಹೊಸ ಸ್ಕ್ಯಾನಿನ ಲಕೋಟೆ ಒಡೆದು ಕನ್ನಡಕ ಹಾಕಿಕೊಂಡರು. ಅಷ್ಟರಲ್ಲಿ ಹೆಂಡತಿಯ ಚೀಲದಲ್ಲಿ ಕೆಂಪು ಅಲಾರಂ ಬಡಿದುಕೊಂಡಿತು.

ಅವನು ಊರುಗೋಲು ಎಳೆದುಕೊಂಡು ಎದ್ದ. ಹೆಂಡತಿ ತೋಳು ಹಿಡಿದಳು.

"ಏನ್ ಬಂದಿದೆ ಅಂತ ಕೇಳ್ಕೊಂಡು ಹೋಗಿ."

"ಕೇಳಿದ್ರೂ ಹೋಗ್ಲೇಬೇಕು, ಕೇಳ್ದಿದ್ರೂ ಹೋಗ್ಲೇಬೇಕು" ಎಂದು ಅವನು ನಡೆದೇ ಬಿಟ್ಟ.

ಶೌಚಾಲಯದಲ್ಲಿ, ಸಾಸಿವೆಯಂಥ ತಿರುಪು ಕೂರಿಸುವ ಬೆರಳುಗಳನ್ನು ಒಂದೊಂದಾಗಿ ತೊಳೆದ. ಆಮೇಲೆ ಯಾವ ಅವಸರವೂ ಇಲ್ಲದೆ ಕೆಲಸ ಮುಗಿಸಿದ.

ತಿರುಗಿ ಬಂದಾಗ ಡಾಕ್ಟರಮ್ಮ ಇನ್ನೂ ಏನೂ ಹೇಳಿರಲಿಲ್ಲ. ಅವನು ಕೂತ ಮೇಲೆ ಕಾಗದ ಅವನತ್ತ ತಿರುಗಿಸಿದರು.

"ಊತ ಪೂರ್ತಿ ಇಳ್ದಿದೆ. ಆಪರೇಷನ್ ಬೇಡ. ಈಗ ಎದ್ದು ಹೋದ್ರಲ್ಲ, ಅದನ್ನೇ ಮಾಡ್ತಾ ಇರಿ."

ಅವನಿಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಅಲಾರಮ್ಮನ್ನು ನಾಲ್ಕು ಗಂಟೆ ಮುಂದಕ್ಕೆ ತಿರುಗಿಸಿ ಚೀಲಕ್ಕೆ ಹಾಕಿದಳು.

ಬಸ್ಸಿನಲ್ಲಿ ಕೂತದ್ದೇ ತಡ, ಮೂರು ತಿಂಗಳಿಂದ ತಡೆದಿಟ್ಟ ಬೈಗುಳ ಶುರುವಾಯಿತು. ಬಟ್ಟೆ ತುರುಕಿದ್ದಕ್ಕೆ ಒಂದು, ನೀರು ಬಿಟ್ಟದ್ದಕ್ಕೆ ಒಂದು, ತನ್ನನ್ನು ಹೆದರಿಸಿದ್ದಕ್ಕೆ ಹತ್ತು. ಅವನು ಬಾಟಲಿಯ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತ, ಮನೆ ಮುಟ್ಟುವವರೆಗೂ ಒಂದಕ್ಷರ ಬಿಡದೆ ಕೇಳಿಸಿಕೊಂಡ.