ಬೆಲ್ಲ ತಿಂದವನ ಬೆದರಿಕೆ

ಬೆಳಗ್ಗೆ ಹತ್ತೂವರೆಗೆ ನರಿಮೊಗರಿನ ನಮ್ಮ ಮನೆಯಂಗಳಕ್ಕೆ ಜೀಪು ಬಂತು. ಇಳಿದವರಲ್ಲಿ ದಪ್ಪ ಮೀಸೆಯವನೊಬ್ಬ ನೇರ ಜಗಲಿ ಹತ್ತಿ ಅಪ್ಪನ ಅಂಗಿಯ ಕೊರಳಪಟ್ಟಿ ಹಿಡಿದ. ತೀರಿಹೋದ ದೊಡ್ಡಪ್ಪ ಕಬಕದ ಬಟ್ಟೆ ಅಂಗಡಿಗಾಗಿ ತಮ್ಮ ಸಾಹುಕಾರರಲ್ಲಿ ಮಾಡಿದ್ದ ಸಾಲವನ್ನು ಈಗಲೇ ಕೊಡಬೇಕು, ಇಲ್ಲವಾದರೆ ಮನೆಯ ಹಂಚು ಇಳಿಸುತ್ತೇವೆ ಎಂದು ಗದರಿದ. ತನ್ನ ಅಣ್ಣ ಬದುಕಿದ್ದಾಗಲೇ ಅದನ್ನು ತೀರಿಸಿದ್ದನೆಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಎಪ್ಪತ್ತರ ದಶಕದ ಆ ಬೇಸಗೆಯಲ್ಲಿ ನಾನು ಆಗಷ್ಟೇ ಬಿ.ಎ. ಮುಗಿಸಿದ್ದೆ.

ಅಮ್ಮ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದು ಅವನೆದುರು ಹಿಡಿದರು. "ಬಿಸಿಲಲ್ಲಿ ಬಂದಿದ್ದೀರಿ. ಮೊದಲು ಬೆಲ್ಲ ನೀರು ತಗೊಳ್ಳಿ, ಮತ್ತೆ ಬೈದರಾಯ್ತು."

ಯಾರ ಮನೆಗೆ ಹೋದರೂ ಕೊಟ್ಟ ಬೆಲ್ಲ ನೀರು ತೆಗೆದುಕೊಳ್ಳುವುದು ನಮ್ಮ ಕಡೆಯ ಅಭ್ಯಾಸ. ಅವನು ಅಂಗಿ ಬಿಟ್ಟು, ಬೆಲ್ಲದ ತುಂಡು ಬಾಯಿಗೆ ಹಾಕಿ ನೀರು ಕುಡಿದೇಬಿಟ್ಟ. ಜೀಪಿನ ಡ್ರೈವರ್ ನಗು ತಡೆಯಲಾರದೆ ಅಂಗಳದಿಂದ ಕೂಗಿದ: "ಎಂತ ಮಾರಾಯ್ರೆ ನೀವು! ಬೆಲ್ಲ ತಿಂದಾಯ್ತಲ್ಲ, ಇನ್ನು ಆ ಮನೆಯವರ ಮೇಲೆ ಕೈ ಮಾಡ್ಲಿಕ್ಕೆ ಉಂಟಾ?"

ಮೀಸೆಯವನ ಮುಖ ಸಣ್ಣದಾಯಿತು. "ನಾಳೆ ಸಾಹುಕಾರ್ರೇ ಬರ್ತಾರೆ" ಎಂದು ಗೊಣಗಿ ಮೆಟ್ಟಿಲಿಳಿದ.

ಆ ಮಾತಿನಿಂದಾಗಿ ಎಷ್ಟೋ ರಾತ್ರಿ ನಾವು ದಾರಿಯ ಸದ್ದಿಗೆ ಕಿವಿಗೊಟ್ಟು ಕುಳಿತೆವು. ಸಾಹುಕಾರರು ಬರಲಿಲ್ಲ. ಸಾಲ ಬಾಕಿ ಇದೆಯೆಂದು ದೈವದೆದುರು ಆಣೆ ಮಾಡಿ ಎಂದು ಊರ ಹಿರಿಯರು ಕರೆದಾಗಲೂ ಬರಲಿಲ್ಲ. ಅಂಗಿ ಹಿಡಿದ ಆ ಕೈ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಆದರೆ ಆಣೆಗೆ ಬಾರದ ಮೇಲೆ ಇನ್ನು ಸಾಲವಿಲ್ಲವೆಂದು ಹಿರಿಯರು ಹೇಳಿಹೋದ ರಾತ್ರಿ, ಅಪ್ಪನ ಗೊರಕೆ ಕೇಳುತ್ತಾ ಮಲಗಿದ ನನಗೆ ಎಚ್ಚರವಾದಾಗ ಬೆಳಗಾಗಿತ್ತು, ಅಮ್ಮ ದೋಸೆ ಹೊಯ್ಯುತ್ತಿದ್ದರು.