ತೆಳು ತಗಡಿನ ಇಂಜಿನಿಯರಮ್ಮ

ದೇವದುರ್ಗದ ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆ ಕಟ್ಟುವ ಜಾಗದವರೆಗೆ ನಡೆಯುವಷ್ಟರಲ್ಲಿ ಶಿವಗಂಗಾ ಸುಸ್ತಾಗಿದ್ದಳು. ಮಾನ್ವಿ ತಾಲ್ಲೂಕಿನ ಮಲ್ಲಟದಲ್ಲಿ ಹುಟ್ಟಿ, ಶಕ್ತಿನಗರದಲ್ಲಿ ಗುತ್ತಿಗೆದಾರರ ಕೈಕೆಳಗೆ ಉಕ್ಕಿನ ಕಟ್ಟಡಗಳ ನಕ್ಷೆ ಬರೆದು, ಈಗ ರಾಯಚೂರಿನ ಒಂದು ಕೋಣೆಯಲ್ಲಿ ಸ್ವಂತ ಆಫೀಸು ಇಟ್ಟುಕೊಂಡಿರುವ ಇಂಜಿನಿಯರ್ ಆಕೆ. ಐವತ್ತು ದಾಟಿದೆ. ಕಟ್ಟಡ ಹೇಗೆ ನಿಲ್ಲುತ್ತದೆಂದು ಲೆಕ್ಕ ಹಾಕುವುದು ಎಂದೂ ಭಾರವೆನಿಸಿಲ್ಲ. ಅದನ್ನು ಕಟ್ಟಿಸುವವರಿಗೆ ತಿಳಿಹೇಳುವುದರಲ್ಲೇ ಆಯುಷ್ಯ ಸವೆದಿದೆ.

ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರ ಗಡಿಗೆಪ್ಪ, ತೀರಿಹೋದ ತಾಯಿ ಚನ್ನಮಲ್ಲಮ್ಮನ ಹೆಸರಿನಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಿದ್ದ. ಜಾಗ ಇಕ್ಕಟ್ಟು, ದಪ್ಪ ಗೋಡೆ ಹಿಡಿಸುವಂತಿರಲಿಲ್ಲ. ಅದಕ್ಕೇ ಶಿವಗಂಗಾ ಉಕ್ಕಿನ ಕಂಬಗಳ ನಡುವೆ ತೆಳು ತಗಡು ಬೆಸೆದ ಗೋಡೆ ಸೂಚಿಸಿದ್ದಳು. ಭೂಕಂಪವಾದರೆ ತಗಡು ಮೂಲೆಯಿಂದ ಮೂಲೆಗೆ ಮಡಿಕೆ ಬಿದ್ದು ಹೊಡೆತ ನುಂಗಬೇಕು, ಕಂಬ ನೆಟ್ಟಗೆ ನಿಲ್ಲಬೇಕು. ಆ ಗೋಡೆಯ ಜೀವವೇ ಅದು.

ಒಳಗೆ ಹೋಗಿ ತಗಡಿನ ಅಂಚು ಅಳೆದಳು. ಹೇಳಿದ್ದಕ್ಕಿಂತ ಎರಡು ಪಟ್ಟು ದಪ್ಪ!

“ಯಾರು ಹೇಳಿದ್ರು ಇದನ್ನ ಹಾಕಾಕ?”

ವೆಲ್ಡಿಂಗ್ ಮಾಡುತ್ತಿದ್ದ ಶಾಮೀದಸಾಬ ತಲೆ ಎತ್ತಿದ. “ಸಾವ್ಕಾರ್ರು ಮಿಲ್ಲಿಂದ ಕಳಿಸ್ಯಾರ್ರಿ ಮೇಡಮ್ಮಾರೆ. ಭತ್ತ ತುಂಬೂ ಡಬ್ಬಿ, ಹಾಪರ್, ಮಾಡಾಕ ತರಿಸಿದ್ದು.”

ಗಡಿಗೆಪ್ಪ ನಗುತ್ತಲೇ ಬಂದ. “ಯವ್ವನ ಹೆಸರಿನ ಕೆಲಸಕ್ಕ ಹಪ್ಪಳದಂಥ ತಗಡು ಹಚ್ಚಿದ್ರ ಮಂದಿ ಏನಂದಾರ್ರಿ? ಮಿಲ್ಲಿನ ಕೆಲಸ ನಿಂತ್ರೂ ನಿಲ್ಲಲಿ ಅಂತ ದಪ್ಪಂದು ಕೊಟ್ಟೀನಿ. ನಿಮಗ ಖುಷಿ ಆಗ್ತದ ಅನ್ಕೊಂಡಿದ್ದೆ.”

“ಬಿಚ್ಚಿಸ್ರಿ.”

“ಏನಂದ್ರಿ?”

“ದಪ್ಪ ತಗಡು ಮಡಿಕಿ ಬೀಳಂಗಿಲ್ಲ. ಕಂಬಾನ ಜಗ್ಗಿ ಬಗ್ಗಿಸ್ತದ. ಕಂಬ, ಬುನಾದಿ ಎಲ್ಲಾ ತೆಳ್ಳನ ತಗಡಿಗೆ ಲೆಕ್ಕ ಹಾಕಿದ್ದು.”

“ಗಟ್ಟಿ ಮಾಡಿದ್ರ ಬೀಳ್ತದಂತ, ಕೇಳ್ರಿ! ನಮ್ಮ ಸೀಮ್ಯಾಗ ಭೂಮಿ ಯಾವಾಗ ಅಲ್ಲಾಡ್ಯದ?”

“ಭೂಕಂಪ ಆದ ರಾತ್ರಿ ಕಿಲ್ಲಾರಿ ಮಂದೀನೂ ಹಂಗ ಅನ್ಕೊಂಡು ಮಲಗಿದ್ರು.”

ಸತ್ತವರ ಹೆಸರಿಗೆ ಮರ್ಯಾದೆ ಮಾಡಲು ಹೋಗಿ ಹುಟ್ಟುವವರ ನೆತ್ತಿಯ ಮೇಲೆ ಮಾಳಿಗೆ ತೂಗಿಬಿಡುವ ಭಕ್ತಿಗೆ ಏನೆನ್ನಬೇಕು?

ಗುತ್ತಿಗೆದಾರ ಉದಯಕುಮಾರ ನಡುವೆ ಬಾಯಿ ಹಾಕಿದ. “ಬಿಡ್ರಿ ಸಾವ್ಕಾರ್ರೇ, ನಕ್ಷಾಕ ಸಹಿ ಮಾಡೂ ಇಂಜಿನಿಯರ್ರು ರಾಯಚೂರಾಗ ಭಾಳ ಮಂದಿ ಅದಾರ.”

ಅದು ಸುಳ್ಳಲ್ಲ. ತಾನು ಕೆಲಸ ಬಿಟ್ಟು ಹೋದರೆ ಈ ಗೋಡೆ ಹೀಗೇ ನಿಲ್ಲುತ್ತದೆ. ಶಿವಗಂಗಾ ಸಿಮೆಂಟ್ ಚೀಲದ ಮೇಲೆ ಕುಳಿತಳು. ಕೂಗಾಡಲು ತ್ರಾಣವಿರಲಿಲ್ಲ.

“ಗಡಿಗೆಪ್ಪಾರೆ, ನಿಮ್ಮ ಹಾಪರಿನ ತಗಡು ನೆಗ್ಗಿದ್ರ ಏನ್ ಮಾಡ್ತೀರಿ?”

“ಬಡಿದು ಸರಿ ಮಾಡಿಸ್ತೀವಿ.”

“ಕಾಲು ಬಗ್ಗಿದ್ರ?”

ತುಂಬಿದ ಹಾಪರಿನ ಕಾಲು ಬಗ್ಗಿದರೆ ಕೆಳಗಿದ್ದವರು ಉಳಿಯುವುದಿಲ್ಲವೆಂದು ಮಿಲ್ಲಿನವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಡಿಗೆಪ್ಪ ಬಾಣಂತಿಯರ ವಾರ್ಡು ಬರಬೇಕಿದ್ದ ಮಾಳಿಗೆಯತ್ತ ಒಮ್ಮೆ ನೋಡಿದ.

“ಬಿಚ್ಚಪಾ ಶಾಮೀದಸಾಬ,” ಎಂದ ಸಿಟ್ಟಿನಿಂದಲೇ. “ಆದ್ರ ಮಂದಿ ಕೇಳಿದ್ರ, ಇಂಜಿನಿಯರಮ್ಮ ಹಟ ಹಿಡಿದು ತೆಳ್ಳಂದು ಹಾಕಿಸ್ಯಾಳ ಅಂತೀನಿ. ಯವ್ವನ ಹೆಸರಿಗೆ ಜಿಪುಣ ಅನ್ನಿಸ್ಕೊಳ್ಳೂದು ನನಗ ಬ್ಯಾಡ.”

“ಅನ್ರಿ,” ಎಂದಳು ಶಿವಗಂಗಾ.

ಆತ ಹೇಳಿದಂತೆಯೇ ಮಾಡಿದ. ಮಾತು ಮಾನ್ವಿಗೂ ಮುಟ್ಟಿತು, ರಾಯಚೂರಿಗೂ ಮುಟ್ಟಿತು. ಆಸ್ಪತ್ರೆ ತೆರೆದ ಮೇಲೆ ಒಂದು ಮಧ್ಯಾಹ್ನ, ಶಾಲೆ ಕಟ್ಟಿಸಲು ಆಕೆಯ ಬಳಿ ನಕ್ಷೆ ಕೇಳಿದ್ದ ಹಂಪಯ್ಯನ ಫೋನು ಬಂತು.

“ತಪ್ಪು ತಿಳ್ಕೋಬ್ಯಾಡ್ರಿ, ಕೆಲಸ ಬ್ಯಾರೆಯವ್ರಿಗೆ ಕೊಟ್ಟೀನಿ. ನಿಮಗ ತೆಳ್ಳಂದು ಹಾಕೂ ಚಟ ಅದ ಅಂತಲ್ರಿ?”

“ಹೌದ್ರಿ, ಅದ,” ಎಂದು ಶಿವಗಂಗಾ ಫೋನಿಟ್ಟಳು.