ಹಲಸೂರು ಪೇಟೆಯ ಮಧ್ಯ

ಅದು ಎಪ್ಪತ್ತೊಂದೋ ಎಪ್ಪತ್ತೆರಡೋ, ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಿರಲೂಬಹುದು. ಹಲಸೂರಿನ ಬಜಾರ್ ಬೀದಿಯ ಜನಜಂಗುಳಿಯಲ್ಲಿ ಐದು ವರ್ಷದ ತಂಗಿ ಸೋದರತ್ತೆಯ ಕೈಯಿಂದ ತಪ್ಪಿಸಿಕೊಂಡಳು. ಕಳೆದುಹೋದರೆ ಪೇಟೆಯ ಮಧ್ಯಕ್ಕೆ ಬಂದು ನಿಲ್ಲು ಎಂದು ಅವಳಿಗೆ ಮನೆಯಲ್ಲಿ ಹೇಳಿಕೊಟ್ಟಿದ್ದೆವು. ನಮಗೆ ಮಧ್ಯವೆಂದರೆ ದೇವಸ್ಥಾನ, ಅವಳು ಅಲ್ಲಿರಲಿಲ್ಲ. ಮಾರ್ಕೆಟ್ಟಿನ ಬಾಗಿಲಲ್ಲೂ ಕಾಣದಾಗ ಅತ್ತೆ ನಿಂತುಬಿಟ್ಟರು. "ಇಲ್ಲಿಂದ ಮುಂದಕ್ಕೆ ನಾನು ಯಾವತ್ತೂ ಹೋಗಿಲ್ಲ ಕಣೇ," ಎಂದರು. ಹತ್ತು ವರ್ಷದ ನಾನೊಬ್ಬಳೇ ಮಾರ್ಕೆಟ್ಟಿನಾಚೆಯ ಮಸೀದಿಯವರೆಗೂ ಓಡಿದೆ. ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ತಂಗಿ ಬನ್ನು ತಿನ್ನುತ್ತಿದ್ದಳು. ಅಂಗಡಿಯ ಸಾಹೇಬರು ನನ್ನನ್ನೇ ಗದರಿದರು: "ಪೇಟೆ ಮಧ್ಯ ಎಲ್ಲಿ ಅಂತ ಅಳ್ತಾ ಬಂತು ಮಗು. ಇದೇ ಅಲ್ವಾ ಬೇಟಾ, ಇನ್ನೆಲ್ಲಿ?"

ತಂಗಿಗೆ ಈಗ ಅದೊಂದೂ ನೆನಪಿಲ್ಲ. "ನಾನೂ ನಿಂತುಬಿಟ್ಟಿದ್ರೆ ಏನ್ ಮಾಡ್ತಿದ್ರಿ ಅತ್ತೆ?" ಎಂದು ಮೊನ್ನೆ ಕೇಳಿದೆ.